ಕಲ್ಲು ತುಂಬಿದ ಕೋಟು

ಕಪ್ಪು ಇಂಪಾಲ ಜಿಂಕೆಯನ್ನು ಲಾರಿಯಿಂದ ಇಳಿಸಿದ ದಿನ ನಾವೆಲ್ಲ ಅದರ ಕೊಂಬನ್ನು ನೋಡುತ್ತ ಬೆರಗಾಗಿ ನಿಂತಿದ್ದರೆ, ಲೆಸಿಬಾ ಅಜ್ಜ ಬೆರಳಿಗೆ ಉಗುಳು ಹಚ್ಚಿ, ಮದ್ದಿನ ಮಂಪರಿನಲ್ಲಿ ಮಲಗಿದ್ದ ಆ ಗಂಡಿನ ಬೆನ್ನನ್ನು ಉಜ್ಜಿ, ಬೆರಳನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸಿದ.

"ಏನಜ್ಜ, ಬಣ್ಣ ಬಿಡ್ತಾ?" ಎಂದು ಯಜಮಾನಿ ಹೆಸ್ಟಾ, ನಾವೆಲ್ಲ 'ಮೆವ್ರೌ' ಎಂದು ಕರೆಯುವ ಅಮ್ಮಾವ್ರು, ನಕ್ಕಳು.

"ಇವತ್ತು ಬಿಟ್ಟಿಲ್ಲ ಮೆವ್ರೌ. ಒಂದು ಮಳೆ ಬರ್ಲಿ, ಆಮೇಲೆ ಹೇಳ್ತೀನಿ."

ದಕ್ಷಿಣ ಆಫ್ರಿಕಾದ ಲಿಂಪೊಪೊದ ಆ ಮುಳ್ಳುಕಾಡಿನಲ್ಲಿ ಹೆಸ್ಟಾ ಅಪರೂಪದ ಬಣ್ಣದ ಜಿಂಕೆಗಳನ್ನು ಸಾಕಿ ಹರಾಜಿಗೆ ಕಳಿಸುತ್ತಿದ್ದಳು. ನಾನು ಗಾಡಿ ಓಡಿಸುತ್ತಿದ್ದೆ. ಅಜ್ಜ ಬೇಲಿ ಕಾಯುತ್ತಿದ್ದ. ಹೆಂಡತಿ ಕೊಟ್ಟ ಮೆಕ್ಕೆಜೋಳದ ಮುದ್ದೆಯನ್ನೂ ಮೂಸಿಯೇ ಮುರಿಯುವ ಆಸಾಮಿ ಅವನು. ಸುಡುಬಿಸಿಲಲ್ಲೂ ಕಳಚದ ಹಳೆಯ ಸಿಪಾಯಿ ಕೋಟು, ಅದರ ಜೇಬುಗಳ ತುಂಬ ಕಲ್ಲು. ಬಲಜೇಬು ಹೆಚ್ಚು ತೂಗುತ್ತಿದ್ದುದರಿಂದ ನಡಿಗೆಯೇ ವಾಲಿದ ತಕ್ಕಡಿ. ಮೇಲಿನ ತಂತಿಯತ್ತ ಕಣ್ಣೆತ್ತದೆ ಬೇಲಿಯ ಬುಡವನ್ನೇ ದಿಟ್ಟಿಸುತ್ತ ನಡೆದು, ಕಾಡುಹಂದಿ ತೋಡಿದ ಬಿಲ ಕಂಡಲ್ಲೆಲ್ಲ ಕಲ್ಲು ಗಿಡಿಯುತ್ತಿದ್ದ. ಜಿಂಕೆ ಹಾರುವ ಪ್ರಾಣಿಯಲ್ಲವೇ ಎಂದು ನಾವು ಛೇಡಿಸಿದರೆ, "ಹಾರೋದು ನಿಮ್ಮ ಮುಂದೆ ಮೆರೆಯೋಕೆ ಕಣ್ರೋ. ಕಳ್ಳತನಕ್ಕೆ ಹೊರಟಾಗ ನುಸೀತದೆ," ಎನ್ನುತ್ತಿದ್ದ.

ಮೇ ತಿಂಗಳಲ್ಲಿ, ಗಂಡುಗಳು ಮದವೇರಿ ಗೊರಗುಟ್ಟುವ ವಾರದಲ್ಲೇ, ಅವನ ತಂಗಿ ತೀರಿಕೊಂಡಳು. ಮಣ್ಣಿಗೆ ಹೊರಟವನು ಕೋಟನ್ನು ನನ್ನ ಹೆಗಲಿಗೆ ಹಾಕಿ, "ನಡೀಬೇಕು. ಗಾಡೀಲಲ್ಲ," ಎಂದ. ಮೂರು ದಿನದ ನಂತರ ಮರಳಿ ಬಂದು ಕೇಳಿದ:

"ನಡೆದ್ಯಾ?"

"ನಡೆದೆ ಅಜ್ಜ."

ಅವನು ನನ್ನ ಮುಖ ನೋಡಲಿಲ್ಲ; ಬೂಟು ನೋಡಿದ. ಅದರ ಮೇಲೆ ಧೂಳಿರಲಿಲ್ಲ.

ನವೆಂಬರಿನಲ್ಲಿ ಕಪ್ಪು ತಾಯಿಯೊಂದರ ಹೊಟ್ಟೆಯಿಂದ ಕೆಂಪು ಮರಿ ಬಿತ್ತು. ಕಪ್ಪಿಗೆ ಕಪ್ಪು ಕೂಡಿದರೆ ಕಪ್ಪೇ ಹುಟ್ಟಬೇಕು. ಆರು ತಿಂಗಳ ಹಿಂದೆ, ಆ ಮದದ ವಾರದಲ್ಲೇ, ಬೇಲಿಯಾಚೆಯ ಸಾಮಾನ್ಯ ಕೆಂಪು ಗಂಡೊಂದು ಒಳನುಗ್ಗಿದ್ದು ಖಚಿತ. ಇನ್ನು ಆ ಹಿಂಡಿನ ಯಾವ ಮರಿಯನ್ನು ತಾನೇ ಜನ ನಂಬಿ ಕೊಂಡಾರು? ಹೆಸ್ಟಾ ಅಜ್ಜನನ್ನು ಕರೆಸಿ ಕೇಳಿದಳು: "ಗೇಟು ತೆರೆದಿದ್ದು ನೀನೇನಾ, ಲೆಸಿಬಾ? ಹೌದಾದ್ರೆ ಇವತ್ತೇ ಮನೆ ಖಾಲಿ ಮಾಡು."

ಇಪ್ಪತ್ತೆರಡು ವರ್ಷ ಎಲ್ಲರನ್ನೂ ಶಂಕಿಸಿದವನ ಮೇಲೆ ಅಂದು ಎಲ್ಲರ ಕಣ್ಣೂ ನೆಟ್ಟಿದ್ದವು. ಅಜ್ಜ ನನ್ನತ್ತ ತಿರುಗಲೂ ಇಲ್ಲ. "ಗೇಟು ತೆರೆದಿಲ್ಲ ಮೆವ್ರೌ. ಆದ್ರೆ ಬೇಲಿ ನಂದು. ಇವನ ಬೂಟು ನೋಡಿದ ದಿನಾನೇ ನಾನು ಇನ್ನೊಂದು ಸುತ್ತು ನಡೆದು ನೋಡಬೇಕಿತ್ತು. ದುಃಖದಲ್ಲಿದ್ದೆ, ಒಂದು ದಿನ ನಂಬಿಬಿಟ್ಟೆ."

ಆಗ ನಾನು ಬಾಯಿಬಿಟ್ಟೆ. ಗಾಡಿಯಲ್ಲೇ ಸುತ್ತಿದ್ದೆ, ಕಿಟಕಿಯಿಂದ ಮೇಲಿನ ತಂತಿಯನ್ನಷ್ಟೇ ನೋಡಿದ್ದೆ ಎಂದು ಒಪ್ಪಿಕೊಂಡೆ. ಹೆಸ್ಟಾ ನನ್ನಿಂದ ಗಾಡಿಯ ಕೀಲಿಕೈ ಕಿತ್ತು ಅಜ್ಜನಿಗೆ ಕೊಟ್ಟಳು. ಅದು ಇಂದಿಗೂ ಅವನ ಬಲಜೇಬಿನಲ್ಲಿ, ಕಲ್ಲುಗಳ ನಡುವೆ ಇದೆ. ನಾನು ಬೇಲಿಯುದ್ದಕ್ಕೂ ನಡೆಯುತ್ತೇನೆ. ಅವನು ನನ್ನ ಹೆಜ್ಜೆಗುರುತುಗಳನ್ನು ಎಣಿಸುತ್ತ ಹಿಂದೆ ಬರುತ್ತಾನೆ.

ಶಂಕೆಯ ಮನುಷ್ಯರನ್ನು ಲೋಕ ಮೆಚ್ಚುವುದಿಲ್ಲ. ಆದರೆ ನಾವು ನಿಶ್ಚಿಂತೆಯಿಂದ ನಂಬಿ ಮಲಗುವ ಬೇಲಿಗಳನ್ನೆಲ್ಲ ಕಾಯುತ್ತಿರುವವರು ಅವರೇ. ಮತ್ತು ಬೇಲಿ ಮುರಿದ ದಿನ, ಅವರು ಎಲ್ಲರಿಗಿಂತ ಮೊದಲು ಶಂಕಿಸುವುದು ತಮ್ಮನ್ನೇ.