ಫಿಲ್ಟರ್ ಕಾಗದದ ಬಿಳುಪು

ಇಷ್ಟು ಬೆಳ್ಳಗಿದ್ದರೆ ಹೇಗೆ, ಒಂದಿಡೀ ದಿನ ಊರಿನ ಗಾಳಿ ಎಳೆದುಕೊಂಡ ಕಾಗದ ಇದೇನಾ, ಗಾಳಿ ಅಳೆಯುವ ಯಂತ್ರದಿಂದ ಅದನ್ನು ಚಿಮುಟದಲ್ಲಿ ಎತ್ತಿ ಬಿಸಿಲಿಗೆ ಒಡ್ಡಿದ ಅವನು, ಅಂಗೈಯಗಲದ ದುಂಡು ಕಾಗದ, ಪೊಟ್ಟಣದಿಂದ ಈಗಷ್ಟೇ ತೆಗೆದಂತಿದೆ, ಇದು ನಾಲ್ಕನೆಯ ದಿನ — ಹೋದ ವಾರ ಬಾಣಲೆಯ ತಳದ ಹಾಗಿರುತ್ತಿತ್ತು, ಊರಿನ ಗಾಳಿಗೆ ಯಾರಾದರೂ ಸೋಪು ಹಚ್ಚಿ ಸ್ನಾನ ಮಾಡಿಸಿದರೋ ಏನೋ, ಇಲ್ಲ, ಕೈಯಾಡಿಸಿದ್ದಾರೆ, ಅನುಮಾನವೇ ಬೇಡ, ಮೇಲಧಿಕಾರಿಯೇ ಇರಬೇಕು, ಮೊನ್ನೆ ಬೆನ್ನು ತಟ್ಟಿದರಲ್ಲ, ಪರವಾಗಿಲ್ವೇ ನಿಮ್ಮ ಯಂತ್ರ, ಊರಿಗೆ ಒಳ್ಳೆ ಹೆಸರು ತಂತು ಕಣ್ರೀ, ಸುಮ್ಮಸುಮ್ಮನೆ ಹಲ್ಲು ಬಿಡುವ ಆಸಾಮಿಯಲ್ಲ, ಯಂತ್ರದ ಕೀಲಿ ಅವರ ಮೇಜಿನಲ್ಲೂ ಒಂದಿದೆ, ಕಾಗದ ಬದಲಿಸಲು ಎಷ್ಟು ಹೊತ್ತು ಬೇಕು — ಇಲ್ಲಿ ಬಿಳಿ, ಮನೆಯಲ್ಲಿ ಕಿಟಕಿ ಒರೆಸಿದ ಬಟ್ಟೆ ಮಾತ್ರ ಕರ್ರಗೆ, ಹೆಂಡತಿ ಅದನ್ನು ಅವನ ಮೂಗಿನ ಮುಂದೆಯೇ ಹಿಡಿದಿದ್ದಳು, ನೋಡಿ ನಿಮ್ಮ ಒಳ್ಳೆ ಗಾಳಿ, ಮಗಳನ್ನ ಓಡೋಕೆ ಕಳಿಸ್ಲಾ ಬೇಡ್ವಾ ಹೇಳಿ, ಅಂಕಿ ಚೆನ್ನಾಗಿದೆ ಕಳಿಸು ಅಂದವನು ಇವನೇ, ಶಾಲೆಯ ಗೇಟಿನ ಫಲಕದಲ್ಲಿ ಹಸಿರಾಗಿ ಹೊಳೆಯುತ್ತಿದ್ದದ್ದೂ ಇವನು ಕಳಿಸಿದ ಅಂಕಿಯೇ, ಹಸಿರಿದ್ದರೆ ಮಕ್ಕಳು ಓಡಬೇಕು, ಮಗಳು ಎರಡು ಸುತ್ತು ಓಡಿ ಮೂರನೆಯದರಲ್ಲಿ ಕೂತುಬಿಟ್ಟಳು, ಎದೆಯೊಳಗೆ ಯಾರೋ ಸೀಟಿ ಊದುವ ಸದ್ದು, ನಿನ್ನೆಯಿಂದ ಆಸ್ಪತ್ರೆ, ಆಕ್ಸಿಜನ್ ಮಾಸ್ಕಿನೊಳಗಿಂದಲೂ ಕೇಳಿದಳಲ್ಲ, ಅಪ್ಪಾ ಇವತ್ತು ಗಾಳಿ ಎಷ್ಟು — ಮಾಡಿದವನು ಕೈಗೆ ಸಿಕ್ಕಲಿ, ಬಿಡುವುದಿಲ್ಲ.

ಸರ್ರೆಂದು ನೀರು, ಮೊಣಕಾಲಿಗೆ ಹನಿ ಸಿಡಿಯಿತು, ಕಚೇರಿಯ ಮಾಲಿ ಪೈಪು ಹಿಡಿದು ಬರುತ್ತಿದ್ದಾನೆ, ಗಿಡಕ್ಕಲ್ಲ, ಯಂತ್ರದ ಸುತ್ತ, ಬರೀ ನೆಲಕ್ಕೆ, ಆಹಾ ಸಿಕ್ಕಿಬಿದ್ದ, ನೆಲ ನೆಂದರೆ ಧೂಳು ಕೂರುತ್ತದೆ, ಧೂಳು ಕೂತರೆ ಕಾಗದ ಬಿಳಿ, ಯಾರೋ ನಿನಗೆ ಹೇಳಿಕೊಟ್ಟೋರು, ಸಾಹೇಬರಾ, ಎಷ್ಟು ದಿನದಿಂದ ನಡೀತಿದೆ ಇದು, ಮಾಲಿ ಕಕ್ಕಾಬಿಕ್ಕಿಯಾಗಿ ಪೈಪು ಇಳಿಸುತ್ತಾನೆ, ನೀವೇ ಅಲ್ವಾ ಸಾರ್, ಸೋಮವಾರ ಈ ಯಂತ್ರದ ಮೋಟರ್ ಕೆಟ್ಟಿತ್ತಲ್ಲ, ಧೂಳು ಹೊಕ್ಕೇ ಹಾಳಾಗೋದು, ಸುತ್ತ ಒಂದಿಷ್ಟು ನೀರು ಹಾಕ್ತಿರು ಅಂದ್ರಿ, ದಿನಾ ಮೂರು ಹೊತ್ತು ಹಾಕ್ತಿದೀನಿ, ಒಂದಿನಾನೂ ತಪ್ಪಿಸಿಲ್ಲ — ಸೋಮವಾರ, ಹೌದು, ಕೈಗೆಲ್ಲ ಗ್ರೀಸು ಮೆತ್ತಿತ್ತು, ಮನೆಗೆ ಹೋಗುವ ಅವಸರ, ಬಾಯಿಗೆ ಬಂದ ಒಂದು ಮಾತು, ಆಡಿ ಮರೆತದ್ದು, ಮೇಲಧಿಕಾರಿಯ ನಗು ಬರೀ ನಗು, ಈ ನಾಲ್ಕು ದಿನ ಫಲಕ ನೋಡಿ ಇನ್ನೆಷ್ಟು ಮಕ್ಕಳು ಓಡಿದರೋ, ಸಂಜೆ ಆಸ್ಪತ್ರೆಗೆ ಹೋದರೆ ಮತ್ತೆ ಕೇಳುತ್ತಾಳೆ, ಅಪ್ಪಾ ಗಾಳಿ ಎಷ್ಟು, ಚಿಮುಟದ ತುದಿಯಲ್ಲಿ ಕಾಗದ, ದುಂಡಗೆ, ಬಿಳಿ, ಬಿಳಿ