ಅವಳ ಹೆಸರಿನ ಐಸಿಯು

ನನ್ನ ನಾದಿನಿಗೆ ಐಸಿಯು ಎಂದರೆ ಕೈಕಾಲು ನಡುಕ. ವೆಂಟಿಲೇಟರ್ ಕೂಗಿಕೊಂಡರೆ ರೋಗಿಗಿಂತ ಮೊದಲು ಇವಳಿಗೇ ಆಕ್ಸಿಜನ್ ಕೊಡಬೇಕು. ಇವಳಿಗೆ ನರ್ಸಿಂಗ್ ಓದು ಅಂತ ಯಾವ ಪುಣ್ಯಾತ್ಮರು ಹೇಳಿದರೋ. ಹೇಳಿದ್ದು ನಾನೇ, ಇರಲಿ.

ಇಬ್ಬರೂ ಒಂದೇ ಆಸ್ಪತ್ರೆಯಲ್ಲಿದ್ದೆವು. ಡ್ಯೂಟಿ ಚಾರ್ಟ್‌ನಲ್ಲಿ ಅವಳಿಗೆ ಐಸಿಯು ಬಿತ್ತು, ನನಗೆ ಜನರಲ್ ವಾರ್ಡ್. ವಾರ ತುಂಬುವುದರೊಳಗೆ ಅತ್ತುಕೊಂಡು ಬಂದಳು.

"ಅತ್ತಿಗೆ, ನಿಮ್ಮ ದಮ್ಮಯ್ಯ, ನೀವು ಅಲ್ಲಿಗೆ ಹೋಗಿ, ನಾನು ವಾರ್ಡ್ ನೋಡ್ಕೋತೀನಿ."

ನಮ್ಮಲ್ಲಿ ಅದು ದೊಡ್ಡ ವಿಷಯವಲ್ಲ. ಚಾರ್ಟ್ ತಿದ್ದುವ ಗೋಜಿಗೆ ಯಾರೂ ಹೋಗುವುದಿಲ್ಲ. ಒಬ್ಬರ ಡ್ಯೂಟಿಯನ್ನು ಇನ್ನೊಬ್ಬರು ಮಾಡಿ, ಚಾರ್ಟ್‌ನಲ್ಲಿರುವ ಹೆಸರಿಗೇ ಸಹಿ ಹಾಕಿ ಬರುತ್ತೇವೆ. ಮೇಟ್ರನ್‌ಗೂ ಗೊತ್ತು. ಒಂದು ವಾರಕ್ಕೆಂದು ಶುರುವಾದದ್ದು ಎರಡು ವರ್ಷ ನಡೆಯಿತು. ಕೊನೆಕೊನೆಗೆ ಅವಳ ಸಹಿ ಅವಳಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು.

ಆಮೇಲೆ ವಿದೇಶದ ಕೆಲಸದ ಮಾತು ಬಂತು. ಭಾಷೆಯ ಪರೀಕ್ಷೆಯನ್ನು ನಾನು ಮೂರನೇ ಸಲಕ್ಕೆ ಪಾಸು ಮಾಡಿದ್ದೆ. ಆ ಫಲಿತಾಂಶ ಎರಡೇ ವರ್ಷ ನಡೆಯುತ್ತದೆ, ಅದರಲ್ಲಿ ಐದು ತಿಂಗಳು ಉಳಿದಿತ್ತು. ನರ್ಸ್ ವೀಸಾ ಸಿಕ್ಕರೆ ಗಂಡ, ಮಗಳನ್ನೂ ಕರೆದುಕೊಂಡು ಹೋಗಬಹುದಿತ್ತು. ಮಗಳು ಆಗಲೇ ತನ್ನ ಬ್ಯಾಗಿಗೆ ಹೊಸ ಜಿಪ್ ಹಾಕಿಸಿಕೊಂಡಿದ್ದಳು. ಜೊತೆಗೊಬ್ಬರು ಇರಲಿ ಎಂದು, ಅದೇ ಪರೀಕ್ಷೆ ಪಾಸಾಗಿದ್ದ ನಾದಿನಿಯ ಅರ್ಜಿಯನ್ನೂ ನಾನೇ ಕೂತು ತುಂಬಿದೆ. ಅಲ್ಲಿನ ಆಸ್ಪತ್ರೆ ಕೇಳಿದ್ದು ಒಂದೇ: ಎರಡು ವರ್ಷ ಐಸಿಯು ಅನುಭವದ ಪತ್ರ.

ಪತ್ರ ಕೇಳಲು ಹೋದರೆ ಮೇಟ್ರನ್ ಚಾರ್ಟ್ ತೆಗೆದಿಟ್ಟರು.

"ನೀನು ಜನರಲ್ ವಾರ್ಡಲ್ವೇನಮ್ಮ?"

"ಮೇಡಂ, ನಾನು ಎಲ್ಲಿದ್ದೆ ಅಂತ ನೀವೇ ದಿನಾ ನೋಡಿದ್ದೀರಲ್ಲ."

"ನೋಡಿದ್ದೀನಿ. ಆದ್ರೆ ಪತ್ರದಲ್ಲಿ ಬರೆಯೋದು ಕಣ್ಣಲ್ಲಿ ಕಂಡಿದ್ದನ್ನಲ್ಲ, ಚಾರ್ಟ್‌ನಲ್ಲಿರೋದನ್ನ. ಇಲ್ಲ ಅಂದ್ರೆ ಎರಡು ವರ್ಷ ಇನ್ನೊಬ್ಬರ ಸಹಿ ಹಾಕಿದೆ ಅಂತ ಬರೆದುಕೊಡು. ಆಮೇಲೆ ನಿಮ್ಮಿಬ್ಬರ ಕೆಲಸಾನೂ ಇರಲ್ಲ, ನನ್ನದೂ ಇರಲ್ಲ."

ನನ್ನ ಕೈಯಾರೆ ನಾನೇ ನನ್ನನ್ನು ಅಳಿಸಿಕೊಂಡಿದ್ದೆ. ಐಸಿಯು ಪತ್ರ ನಾದಿನಿಯ ಹೆಸರಿಗೆ ಬಂತು. ನನಗೆ ಸಿಟ್ಟು ನೆತ್ತಿಗೇರಿತು.

ಮನೆಯಲ್ಲಿ ಹೇಳಿದರೆ ಅತ್ತೆ ಕಾಯಿ ತುರಿಯುತ್ತಲೇ ಇದ್ದರು. ಗಂಡ, "ಯಾರು ಹೋದ್ರೇನು, ಮನೆಯವಳೇ ತಾನೆ" ಎಂದ. ನಾದಿನಿ ನನ್ನ ಕೈ ಹಿಡಿದುಕೊಂಡು ಅತ್ತಳು. "ನೀವು ಬೇಡ ಅಂದ್ರೆ ನಾನು ಹೋಗಲ್ಲ ಅತ್ತಿಗೆ." ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಬೇಡ ಎಂಬ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಹೋಗಿ ಬಾ ಎಂದೆ. ಅವಳು ಕಣ್ಣೊರೆಸಿಕೊಂಡ ವೇಗ ನನಗೆ ಇನ್ನೂ ನೆನಪಿದೆ.

ಅವಳು ಹೋದ ಮೇಲೆ ಮೇಟ್ರನ್ ಭಯಬಿದ್ದು ಅದಲುಬದಲು ನಿಲ್ಲಿಸಿದರು. ನಾನು ಚಾರ್ಟ್‌ನಲ್ಲಿದ್ದಂತೆ ಜನರಲ್ ವಾರ್ಡಿಗೆ ಬಂದೆ. ನನ್ನ ಪರೀಕ್ಷೆಯ ಫಲಿತಾಂಶದ ಅವಧಿಯೂ ಮುಗಿಯಿತು.

ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಫೋನ್ ಬಂತು. ತರಬೇತಿ ಇನ್ನೂ ನಡೆಯುತ್ತಿದೆಯಂತೆ, ಅವಳೊಬ್ಬಳ ಕೈಗೇ ರೋಗಿಯನ್ನು ಒಪ್ಪಿಸಿಲ್ಲವಂತೆ.

"ಅತ್ತಿಗೆ, ಅಲಾರಂ ಕೂಗಿದ್ರೆ ಮೊದಲು ಏನು ನೋಡ್ಬೇಕು?"

"ಮಿಷನ್ ಅಲ್ಲ. ರೋಗಿ ಮುಖ ನೋಡು."

ಬರೆದುಕೊಳ್ಳುವ ಸದ್ದು ಕೇಳಿಸಿತು.

"ಇನ್ನೊಂದು. ನಾನು ಹಿಂದೆ ನೋಡ್ಕೊಂಡಿರೋ ಕಷ್ಟದ ಕೇಸೊಂದನ್ನ ನಾಳೆ ಇವರ ಮುಂದೆ ಹೇಳ್ಬೇಕಂತೆ. ನಿಮ್ಮದೊಂದು ಹೇಳಿ."

ತಟ್ಟೆ ಪಕ್ಕಕ್ಕಿಟ್ಟು ಮೂರನೇ ಹಾಸಿಗೆಯ ಮೇಷ್ಟ್ರ ವಿಷಯ ಹೇಳಿದೆ. ಹನ್ನೊಂದು ದಿನ ವೆಂಟಿಲೇಟರ್‌ನಲ್ಲಿದ್ದವರು. ಉಸಿರಿನ ಟ್ಯೂಬ್ ಕಟ್ಟಿಕೊಂಡಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವರು. ಒಂದೂ ಬಿಡದೆ ಹೇಳಿದೆ. ಅವಳು ಒಂದೂ ಬಿಡದೆ ಬರೆದುಕೊಂಡಳು.

"ಕೊನೆಗೆ ಅವರು ಉಳಿದ್ರಾ ಅತ್ತಿಗೆ?"

"ನಿನ್ನ ರೋಗಿ ಕಣೇ," ಎಂದೆ. "ನಿನಗೇ ಗೊತ್ತಿರ್ಬೇಕು."