ಒಣಸೀಗಡಿಯ ಜಾಡು

ನಮ್ಮ ಮಹಡಿ ಮನೆಯ ಶಿವಯ್ಯನವರು ಕಾಣೆಯಾದರು ಅಂತ ಗೊತ್ತಾದಾಗ ನನ್ನ ಗಂಡ ಯಶೋಧರ ಆಡಿದ ಮೊದಲ ಮಾತು, "ತಗೋ, ನಿನಗೆ ಕೆಲಸ ಬಂತು" ಅಂತ. ಚನ್ನರಾಯಪಟ್ಟಣದಲ್ಲಿ ಜವಳಿ ಅಂಗಡಿ ಇಟ್ಟು ಜೀವಮಾನವೆಲ್ಲ ಸೀರೆ ಮಡಚಿದ ಮನುಷ್ಯ, ನಾಲಿಗೆ ಮಡಚುವುದನ್ನು ಮಾತ್ರ ಕಲಿಯಲಿಲ್ಲ.

ಅವರು ಹಾಗೆನ್ನುವುದಕ್ಕೂ ಕಾರಣವಿದೆ. ಕಾಣೆಯಾದವರನ್ನು ಹುಡುಕುವುದರಲ್ಲಿ ಈ ಊರಲ್ಲಿ ಅನಂತಮ್ಮ ಎಂದರೆ ಸ್ವಲ್ಪ ಹೆಸರಿದೆ. ನಿಶ್ಚಿತಾರ್ಥದ ಹಿಂದಿನ ದಿನ ಓಡಿಹೋದ ಮದುಮಗನನ್ನು ಹಾಸನದಲ್ಲಿ ಅವನ ಖಾಯಂ ಸಲೂನಿನ ಕುರ್ಚಿಯಲ್ಲೇ ಹಿಡಿದವಳು ನಾನು. ಹರಕೆಗೆಂದು ಹೋಗಿ ವಾಪಸಾಗದ ಹಿಂದಿನ ಬೀದಿಯ ಅತ್ತೆಯೊಬ್ಬರನ್ನು ಮಗಳ ಮನೆಯಿಂದ ಸೊಸೆಯ ಮನೆಗೆ ರಾಜಿ ಮಾಡಿಸಿ ತಂದವಳೂ ನಾನೇ. ಮನುಷ್ಯ ಮನೆ ಬಿಟ್ಟಾನು, ಅಭ್ಯಾಸ ಬಿಡಲಾರ. ಇದೇ ನನ್ನ ಸೂತ್ರ. ನನಗೂ ಒಂದು ಅಭ್ಯಾಸವಿದೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಆದ್ದರಿಂದ ನನ್ನ ಪತ್ತೇದಾರಿಕೆಯೆಲ್ಲ ಹಗಲಿನದು. ಕತ್ತಲಲ್ಲಿ ಕಳ್ಳರ ಬೆನ್ನು ಹತ್ತುವವರು ಊಟ ಯಾವಾಗ ಮಾಡುತ್ತಾರೋ ನನಗಂತೂ ತಿಳಿಯದು.

ಮಹಡಿಯಲ್ಲಿ ಬಾಡಿಗೆಗೆ ಇರುವುದು ಶಿವಯ್ಯನವರ ಮಗ ಕೀರ್ತಿರಾಜ್, ಸೊಸೆ ಶಾಂತಿ. ಅವನು ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು, ಅವಳು ಇಲ್ಲೇ ಅಂಚೆ ಕಚೇರಿಯಲ್ಲಿ. ಅವರದು ಬೌದ್ಧ ಮನೆತನ. ಅರಕಲಗೂಡು ಕಡೆಯ ತಮ್ಮ ಊರಿನ ಕೇರಿಗೆ ಕೇರಿಯೇ ದೀಕ್ಷೆ ತೆಗೆದುಕೊಂಡಾಗ ಮುಂದೆ ನಿಂತು ಓಡಾಡಿದವನು ಕೀರ್ತಿರಾಜನೇ. ಬಾಡಿಗೆಗೆ ಬಂದಾಗ ನಾನು ಹಾಕಿದ್ದು ಒಂದೇ ಷರತ್ತು, ಮನೆಯೊಳಗೆ ಮೀನು-ಮಾಂಸ ಬೇಡ ಅಂತ. ಅವರು ಒಪ್ಪಿದರು, ಒಂದು ದಿನವೂ ತಪ್ಪಲಿಲ್ಲ. ಎರಡು ವರ್ಷದ ಹಿಂದೆ ತಾಯಿ ಚಿಕ್ಕತಾಯಮ್ಮ ತೀರಿಕೊಂಡ ಮೇಲೆ ಕೀರ್ತಿರಾಜ್ ತಂದೆಯನ್ನು ಇಲ್ಲಿಗೆ ಕರೆತಂದ. ಶಿವಯ್ಯನವರು ಮೆದು ಮಾತಿನವರು. ನಮ್ಮ ಹಿತ್ತಲ ತೆಂಗಿನಕಾಯಿಯನ್ನು ಕೇಳದೆಯೇ ಸುಲಿದಿಟ್ಟು, ಕೇಳಿದರೆ ನಕ್ಕುಬಿಡುತ್ತಿದ್ದರು.

ಅಂಥವರು ಶುಕ್ರವಾರ ಮಗ ಸೊಸೆ ಕೆಲಸಕ್ಕೆ ಹೋದ ಹೊತ್ತು ನೋಡಿ ಹೊರಟುಹೋಗಿದ್ದರು. ಮಧ್ಯಾಹ್ನ ಊಟಕ್ಕೆ ಬಂದ ಶಾಂತಿ ನೋಡಿದರೆ ಫೋನು ಮಂಚದ ಮೇಲಿತ್ತು. ಸಕ್ಕರೆ ಕಾಯಿಲೆಯ ಮಾತ್ರೆಗಳು ಡಬ್ಬಿಯಲ್ಲೇ ಇದ್ದವು. ಗೋಡೆಯ ಮೇಲೆ ಬುದ್ಧನ ಪಟದ ಕೆಳಗಿದ್ದ ಚಿಕ್ಕತಾಯಮ್ಮನ ಫೋಟೋ ಮಾತ್ರ ಇರಲಿಲ್ಲ.

ಕೀರ್ತಿರಾಜ್ ಆ ಖಾಲಿ ಮೊಳೆಯನ್ನೇ ನೋಡುತ್ತಾ ನಿಂತಿದ್ದ. "ಮಾತ್ರೆ ಬಿಟ್ಟು ಅವ್ವನ ಫೋಟೋ ಎತ್ಕಂಡು ಹೋಗವ್ನೆ ಅಂದ್ರೆ ಏನರ್ಥ ಆಂಟಿ? ಅವ್ವ ಇರೋ ಕಡೆಗೇ ಹೋಗ್ತೀನಿ ಅಂತ ತಾನೆ?"

ಠಾಣೆಗೆ ದೂರು ಕೊಟ್ಟು ಬಂದ ಹುಡುಗ ಸಂಜೆಯವರೆಗೆ ಬೈಕಿನಲ್ಲಿ ಸುತ್ತಮುತ್ತಲ ಕೆರೆ ಏರಿಗಳನ್ನೆಲ್ಲ ಸುತ್ತಿದ. ನೀರಿನ ಮೇಲೆ ಏನೂ ಕಾಣದಿದ್ದರೆ ಸಮಾಧಾನ, ಮುಂದಿನ ಕೆರೆಗೆ ಹೊರಟರೆ ಮತ್ತೆ ಅದೇ ಹೆದರಿಕೆ.

ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತಾಗ ಯಶೋಧರ ಹಪ್ಪಳ ಮುರಿಯುತ್ತಾ, "ನಿನ್ನೆ ಶಿವಯ್ಯ ಅಂಗಡಿಗೆ ಬಂದು ಒಂದು ಸೀರೆ ತಗೊಂಡ್ರು. ಗಿಣಿಹಸಿರು, ಕೆಂಪಂಚು," ಎಂದರು.

"ಅದನ್ನ ಈಗ ಹೇಳ್ತೀರಾ?"

"ಯಾರಿಗೂ ಹೇಳ್ಬೇಡಿ ಸಾ ಅಂದಿದ್ರು. ಗಿರಾಕಿ ಮಾತು."

ಗಿರಾಕಿ ಮಾತಂತೆ! ಕೈ ತೊಳೆಯುವಷ್ಟರಲ್ಲಿ ನನ್ನ ತಲೆ ಓಡಿತು. ಸೊಸೆಗೆ ತಂದಿದ್ದರೆ ಸೊಸೆಗೆ ಕೊಡುತ್ತಿದ್ದರು. ಗುಟ್ಟಾಗಿ ಹೊಸ ಸೀರೆ ಕೊಂಡ ಗಂಡಸು ಮಾರನೇ ದಿನವೇ ಮಾಯವಾದರೆ ಅಲ್ಲೊಬ್ಬಳು ಹೆಂಗಸು ಇರಲೇಬೇಕು. ಸಾಯಲು ಹೊರಟವನಿಗೆ ಕೆಂಪಂಚು ಯಾಕೆ? ನಾನು ಶಾಂತಿಯ ಕಿವಿಯಲ್ಲಿ ಮೆಲ್ಲಗೆ ಹೇಳಿದೆ. ಅವಳು ಅತ್ತ ಕಣ್ಣಲ್ಲೇ ಫಕ್ಕನೆ ನಕ್ಕು, "ಹಾಗೇ ಇದ್ದುಬಿಡ್ಲಿ ಆಂಟಿ, ಜೀವ ಇದ್ರೆ ಸಾಕು," ಎಂದಳು.

ಶನಿವಾರ ಕೀರ್ತಿರಾಜ್ ಹಾಸನದ ಆಸ್ಪತ್ರೆ, ಬಸ್‌ಸ್ಟ್ಯಾಂಡ್ ನೋಡಲು ಹೋದ. ನಾನು ಮಾತ್ರೆಯ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಬಸ್ಸು ಹತ್ತಿದೆ. ಅಲ್ಲಿಂದ ಆಟೋದಲ್ಲಿ ಅವರ ಊರು. ಅಲ್ಲಿ ಶಿವಯ್ಯನವರ ತಂಗಿ ಸುಬ್ಬಮ್ಮ ಇದ್ದಾರೆ. ಹಿಂದಿನ ದಿನವೇ ಕೀರ್ತಿರಾಜ್ ಫೋನು ಮಾಡಿದಾಗ 'ಇಲ್ಲಿ ಇಲ್ಲ' ಎಂದಿದ್ದರು. ಇಲ್ಲಿ ಇಲ್ಲ ಎನ್ನುವುದಕ್ಕೂ ಬಂದಿಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ. ಅದನ್ನು ವಿಚಾರಿಸಲೆಂದೇ ನಾನು ಹೊರಟಿದ್ದು.

ಸುಬ್ಬಮ್ಮ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೂತು ಎಲೆ ವಿಂಗಡಿಸುತ್ತಿದ್ದರು. ನಾನು ಮನೆ ಓನರ್ ಎಂದು ಹೇಳಿ, ಸುತ್ತಿ ಬಳಸಿ ಹೆಂಗಸಿನ ವಿಷಯ ಎತ್ತಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಎಲೆ ಕೆಳಗಿಟ್ಟು, ಬೆನ್ನು ಬಾಗಿಸಿ ನಕ್ಕರು.

"ನಮ್ಮಣ್ಣುಂಗಾ? ಕಟ್ಕಂಡೋಳ್ ಮುಂದೇನೇ ಮಾತಾಡಕ್ಕೆ ನಾಚ್ಕೊತಿದ್ದ ಕಣವ್ವ."

"ಹಾಗಾದ್ರೆ ಬಂದಿದ್ದು ನಿಜ ತಾನೆ?"

ಅವರು ನಗು ನಿಲ್ಲಿಸಿದರು. "ಬಂದಿದ್ದ. ನಿಂತ ಕಾಲ್ನಾಗೇ ಓದ. ಒಂದೇ ಒಂದ್ ಮಾತ್ ಕೇಳ್ದ, ಚಿಕ್ಕತಾಯಮ್ಮ ಒಣಸೀಗಡಿ ಗೊಜ್ಜು ಎಂಗ್ ಮಾಡ್ತಿದ್ಲು ಅಂತ. ನಂಗೇನ್ ಗೊತ್ತು? ಅವ್ಳ ಕೈ ಅವ್ಳ ಜೊತೇಲೇ ಓಯ್ತು. ನರಸೀಪುರ ಅವ್ಳ ತವ್ರು, ಸೀಗಡೀನ ಅಲ್ಲಿಂದ್ಲೇ ತರ್ಸ್‌ತಿದ್ಲು ಅಂದೆ."

"ಯಾಕೆ ಕೇಳಿದ್ರು?"

"ಅದ್ನ ಅವ್ನೇ ಯೋಳ್ಬೇಕು," ಎಂದು ಸುಬ್ಬಮ್ಮ ಮತ್ತೆ ಎಲೆ ಕೈಗೆತ್ತಿಕೊಂಡರು. ಇನ್ನು ಅವರ ಬಾಯಿಂದ ಏನೂ ಹೊರಡುವುದಿಲ್ಲ ಎಂದು ಅರ್ಥವಾಯಿತು.

ನನ್ನ ಆಟೋ ಹುಡುಗ ಕಾದಿದ್ದ, ಮನು ಅಂತ ಹೆಸರು. ದಾರಿಯಲ್ಲಿ ನಾನು, ಬೇಕಾದರೆ ನಾಳೆಯೂ ಬರುತ್ತೇನೆ, ನಂಬರು ಕೊಡಪ್ಪ ಎಂದೆ.

"ನಾಳೆ ಗಾಡಿ ತೆಗ್ಯಲ್ಲ ಅಮ್ಮ," ಎಂದ. "ನಾಳೆ ಮಾಲಯ ಅಮಾಸೆ ಅಲ್ವಾ, ಹಿರೀರಬ್ಬ. ನಮ್ಮಪ್ಪುಂಗೆ ಎಡೆ ಇಕ್ಬೇಕು. ಹೊಸ ಪಂಚೆ ತಂದಿವ್ನಿ, ನಮ್ಮಪ್ಪುಂಗೆ ಕೋಳಿ ಸಾರು ಇಲ್ದಿದ್ರೆ ಆಯ್ತಿರ್ಲಿಲ್ಲ."

ನಾನು ಆಟೋದ ಕಂಬಿ ಹಿಡಿದುಕೊಂಡೆ. ಫೋಟೋ, ಹೊಸ ಸೀರೆ, ಸತ್ತವಳಿಗೆ ಇಷ್ಟವಾದ ಗೊಜ್ಜು. ತಾಲ್ಲೂಕಿನಲ್ಲಿ ಯಾವ ದಾರಿಹೋಕನನ್ನು ಕೇಳಿದ್ದರೂ ಹೇಳುತ್ತಿದ್ದ, ಮುದುಕ ಹೆಂಡತಿಗೆ ಎಡೆ ಇಡಲು ಹೋಗಿದ್ದಾನೆ ಅಂತ. ಆದರೆ ಹುಡುಕಲು ಕೂತವರು ಯಾರು? ಶ್ರಾದ್ಧ ಮಾಡದ ಜೈನರ ಹೆಂಗಸು, ಶ್ರಾದ್ಧ ಬಿಟ್ಟ ಬೌದ್ಧರ ಮನೆ. ನಮ್ಮಿಬ್ಬರ ಮನೆಯಲ್ಲೂ ಈ ಅಮಾವಾಸ್ಯೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನನ್ನ ಹೆಸರು, ನನ್ನ ಸೂತ್ರ ಎಲ್ಲ ನೆನೆದು ನನಗೇ ನಗು ಬಂತು.

ವಾಪಸು ಬರುವಾಗ ಹೊಳೆನರಸೀಪುರದಲ್ಲಿ ಇಳಿದೆ. ಜೀವಮಾನದಲ್ಲೇ ಮೊದಲ ಸಲ ಒಣಮೀನಿನ ಅಂಗಡಿ ಎಲ್ಲಿ ಎಂದು ದಾರಿ ಕೇಳಿದೆ. ಕೇಳಿದ್ದೇ ಜಾಸ್ತಿಯಾಯಿತು, ವಾಸನೆಯೇ ಕರೆದುಕೊಂಡು ಹೋಗುತ್ತಿತ್ತು. ಹಬ್ಬದ ಹಿಂದಿನ ದಿನವಾದ್ದರಿಂದ ಜನವೋ ಜನ. ಮೂಗಿಗೆ ಸೆರಗು ಒತ್ತಿಕೊಂಡು ಆ ಸಾಲಿನಲ್ಲಿ ನಿಂತ ನನ್ನನ್ನು ಅಂಗಡಿಯ ನಾಗಲಕ್ಷ್ಮಿ ಎಂಬಾಕೆ ನೋಡಿ, "ನಿಮ್ಗೇನವ್ವ ಬೇಕು? ದಾರಿ ತಪ್ದ್ರಾ?" ಎಂದಳು.

ನಾನು ಫೋನಿನಲ್ಲಿದ್ದ ಶಿವಯ್ಯನವರ ಫೋಟೋ ತೋರಿಸಿದೆ. ಆಕೆ ಚೀಲ ಕಟ್ಟುವುದನ್ನು ನಿಲ್ಲಿಸಿದಳು.

"ಬರೋ ಗಂಡಸ್ರೆಲ್ಲ ತೂಕ ಕೇಳ್ತಾರೆ. ಈ ಯಪ್ಪ ಅಡ್ಗೆ ಕೇಳ್ತು. ಬದ್ನೇಕಾಯಿ ಮೊದ್ಲು ಆಕ್ಬೇಕಾ, ಸೀಗಡಿ ಮೊದ್ಲು ಆಕ್ಬೇಕಾ ಅಂತ. ಎಲ್ಲಿ ಮಾಡೀಯಪ್ಪ ಅಂದ್ರೆ, ಜಾಗ ಇಲ್ಲ ತಾಯಿ, ಹೊಳೆ ದಂಡೇಲಿ ಮೂರು ಕಲ್ಲು ಹೂಡ್ತೀನಿ ಅಂತು. ನನ್ ಒಟ್ಟೆ ಉರ್ದೋಯ್ತು. ನಮ್ಮನೆ ಹಿಂದ್ಲಾಗೆ ಒಂದು ರೂಮು, ಒಲೆ ಅವೆ, ಅಲ್ಲೇ ಮಾಡ್ಕೋ ಅಂದೆ. ನೀವು ಮಗನ್ ಕಡೇರಾ?"

ಹೌದೆಂದೆ. "ಇವತ್ತು ಕರ್ಕಂಡೋಗ್ಬುಡ್ಬೇಡಿ ಕಣವ್ವ. ನಾಳೆ ಮದ್ಯಾನಕ್ ಬನ್ನಿ," ಎಂದಳು. ಮನೆ ಹತ್ತಿರದಲ್ಲೇ ಇತ್ತು. ಬೇಲಿಯ ಸಂದಿಯಿಂದ ಇಣುಕಿದೆ. ಶಿವಯ್ಯನವರು ಕುಕ್ಕರಗಾಲಲ್ಲಿ ಕೂತು ಬೂದಿ ಹಾಕಿ ಒಂದು ಪಾತ್ರೆ ತಿಕ್ಕುತ್ತಿದ್ದರು. ಅಷ್ಟು ಚೆನ್ನಾಗಿ ಪಾತ್ರೆ ತಿಕ್ಕುವ ಗಂಡಸನ್ನು ನಾನು ನನ್ನ ಮನೆಯಲ್ಲಿ ಕಂಡವಳಲ್ಲ. ಕರೆಯಲಿಲ್ಲ. ಮಾತ್ರೆಯ ಡಬ್ಬಿಯನ್ನು ನಾಗಲಕ್ಷ್ಮಿಯ ಕೈಗೆ ಕೊಟ್ಟು, ಯಾವುದು ಯಾವಾಗ ಎಂದು ಹೇಳಿ ಬಂದೆ.

ಬಸ್‌ಸ್ಟ್ಯಾಂಡಿನಿಂದ ಕೀರ್ತಿರಾಜನಿಗೆ ಫೋನು ಮಾಡಿದೆ. ಅಪ್ಪ ಬದುಕಿದ್ದಾನೆ ಎಂದು ಕೇಳಿದ ಕೂಡಲೇ ಅವನು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಎಡೆಯ ವಿಷಯವನ್ನೂ ಹೇಳಿದೆ.

"ಹೋದ ವರ್ಷ ಕೇಳಿದ್ದ ಆಂಟಿ. ಸತ್ತೋರು ಉಣ್ಣಕ್ಕೆ ಬರಲ್ಲ ಕಣಪ್ಪ ಅಂದ್ಬುಟ್ಟೆ. ಶ್ರಾದ್ಧ ಮಾಡಲ್ಲ ಅಂತ ದೀಕ್ಷೇಲಿ ಮಾತು ಕೊಟ್ಟಿದ್ದೀನಿ. ಕೇರಿಗೆಲ್ಲ ಹೇಳಿ ನಮ್ಮನೇಲೇ ಹೆಂಗಿಡ್ಲಿ?"

ಅವನ ಮಾತು ತಪ್ಪೆಂದು ನಾನು ಹೇಳಲಿಲ್ಲ. ನಮ್ಮ ಮನೆಯ ಮಾತೂ ಅದೇ. ಈಗಲೇ ಹೋಗುತ್ತೇನೆ ಎಂದವನನ್ನು ನಾಳೆಗೆ ಒಪ್ಪಿಸುವುದರಲ್ಲಿ ಸಾಕುಸಾಕಾಯಿತು.

ಭಾನುವಾರ ಮಧ್ಯಾಹ್ನ ಕೀರ್ತಿರಾಜ್, ಶಾಂತಿ, ನಾನು ಮೂವರೂ ನಾಗಲಕ್ಷ್ಮಿಯ ಹಿತ್ತಲಿಗೆ ಹೋದೆವು. ಹಿಂದಿನ ರೂಮಿನ ಬಾಗಿಲು ಮುಚ್ಚಿತ್ತು. ಅದರ ಮುಂದೆ ಕಲ್ಲುಚಪ್ಪಡಿಯ ಮೇಲೆ ಶಿವಯ್ಯನವರು ಒಗೆದ ಶರ್ಟು ಹಾಕಿಕೊಂಡು ಕೂತಿದ್ದರು. ಎರಡು ದಿನದ ಹೆದರಿಕೆಯೆಲ್ಲ ಕೀರ್ತಿರಾಜನ ಕಾಲಿಗೆ ಬಂದಿತ್ತು. ದಪದಪ ಹೆಜ್ಜೆ ಹಾಕಿ "ಅಪ್ಪಾ" ಎಂದ. ಮುದುಕ ತುಟಿಯ ಮೇಲೆ ಬೆರಳಿಟ್ಟರು.

"ಮೆತ್ತಗೆ ಕಣ್ಲಾ. ನಿಮ್ಮವ್ವ ಉಣ್ತಾವ್ಳೆ."

ಎಡೆ ಬಡಿಸಿ ಬಾಗಿಲು ಮುಚ್ಚಿ ಹೊರಗೆ ಕಾಯುವುದು ಪದ್ಧತಿಯಂತೆ, ಹಿರಿಯರು ಬಂದು ಸಂಕೋಚವಿಲ್ಲದೆ ಉಣ್ಣಲಿ ಅಂತ. ನನಗೆ ಅದು ಆಗ ಗೊತ್ತಿರಲಿಲ್ಲ. ಕೀರ್ತಿರಾಜನಿಗೆ ಗೊತ್ತಿತ್ತು. ಅವನ ಮುಖದಲ್ಲಿ ಸಿಟ್ಟು ಇನ್ನೂ ಇತ್ತು, ಆದರೂ ಅಪ್ಪನ ಪಕ್ಕದಲ್ಲಿ ಕೂತ. ನಾವೂ ಕೂತೆವು.

"ಹೇಳಿ ಬರಬಾರದಿತ್ತಾ ಮಾವ?" ಎಂದಳು ಶಾಂತಿ ಪಿಸುದನಿಯಲ್ಲಿ.

"ಯೋಳುದ್ರೆ ಬುಡ್ತಿದ್ರಾ ಮಗ? ಅವ್ನು ಮಾತು ಕೊಟ್ಟವ್ನೆ. ಈ ಅಮ್ಮೋರ ಮನೇಲಿ ಮೀನು ಬೇಯ್ಸಂಗಿಲ್ಲ. ಇಬ್ರುದೂ ತಪ್ಪಲ್ಲ. ಆದ್ರೆ ಅವ್ಳು ಎಲ್ಲಿಗ್ ಬಂದಾಳು?"

ಹುಡುಕಿಕೊಂಡು ಊರೂರು ಅಲೆದವಳೇ ಅವರ ದಾರಿಗೆ ಅರ್ಧ ಅಡ್ಡ ನಿಂತಿದ್ದೆ. ನನ್ನ ಅಡಿಗೆಮನೆಯ ನೇಮ ನಾನು ಬಿಡುವವಳಲ್ಲ. ಆದರೆ ತಾರಸಿ ಅಡಿಗೆಮನೆಯಲ್ಲವಲ್ಲ. "ಬರೋ ವರ್ಷ ನಮ್ಮ ತಾರಸಿ ಮೇಲೆ ಒಲೆ ಹೂಡ್ಕೊಳ್ಳಿ ಶಿವಯ್ಯನೋರೆ," ಎಂದೆ. "ನಾನು ಅವತ್ತು ಶ್ರವಣಬೆಳಗೊಳಕ್ಕೆ ಹೋಗಿರ್ತೀನಿ."

ಅವರು ನನಗೂ ಮೆತ್ತಗೆ ಎಂದು ಬೆರಳು ತೋರಿಸಿದರು. ಕಣ್ಣು ಮಾತ್ರ ನಗುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಶಿವಯ್ಯನವರು ಎದ್ದು, ಕೆಮ್ಮಿ, ಬಾಗಿಲು ತಟ್ಟಿ ತೆರೆದರು. ಗೋಡೆಗೆ ಒರಗಿಸಿದ ಫೋಟೋ, ಅದರ ಮುಂದೆ ಗಿಣಿಹಸಿರು ಸೀರೆ, ಬಳೆ, ಎಲೆ ಅಡಿಕೆ. ಬಾಳೆಲೆಯ ಮೇಲೆ ಮುದ್ದೆ, ಅನ್ನ, ಕಂದು ಬಣ್ಣದ ಗೊಜ್ಜು. ಶಾಂತಿ ಬ್ಯಾಗಿನಿಂದ ಮೇಣದಬತ್ತಿ ತೆಗೆದು ಅತ್ತೆಯ ಫೋಟೋದ ಮುಂದೆ ಹಚ್ಚಿಟ್ಟಳು. ಕೀರ್ತಿರಾಜ್ ಕೈ ಮುಗಿಯಲಿಲ್ಲ. ಶಿವಯ್ಯನವರು ಮುಗಿ ಎನ್ನಲೂ ಇಲ್ಲ. ಅವರ ಚಿಂತೆಯೇ ಬೇರೆ ಇತ್ತು.

"ಒಂಚೂರು ಬಾಯಿಗ್ ಆಕ್ಕಂಡ್ ನೋಡ್ಲಾ," ಎಂದರು. "ಎಡೆಗ್ ಮುಂಚೆ ರುಚಿ ನೋಡಂಗಿಲ್ಲ. ಸರಿ ಆಯ್ತೋ ಇಲ್ವೋ ಅಂತ ಅವಾಗಿಂದ ಅದೇ ಯೋಚ್ನೆ."

ಕೀರ್ತಿರಾಜ್ ಮಂಡಿಯೂರಿ ಕೂತು ಮುದ್ದೆ ಮುರಿದು ಗೊಜ್ಜಿಗೆ ಅದ್ದಿ ಬಾಯಿಗಿಟ್ಟ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ.

"ಸೀಗಡೀಲೇ ಉಪ್ಪಿರ್ತದೆ ಕಣಪ್ಪ. ನೀನು ಮತ್ತೆ ಹಾಕಿದ್ದೀಯ."

ಶಿವಯ್ಯನವರ ಮುಖ ಬಾಡಿತು. "ಅಯ್ಯೋ. ಅವ್ಳು ಅಂಗೇ ಉಂಡ್ಲಾ?"

ಕೀರ್ತಿರಾಜ್ ಫೋಟೋ ನೋಡಿದ, ಅಪ್ಪನನ್ನು ನೋಡಿದ. ಕಣ್ಣು ತುಂಬಿತ್ತು.

"ಬೈಕಂಡು ಬೈಕಂಡೇ ಎಲ್ಲಾನೂ ಉಂಡಿರ್ತಾಳೆ ಬುಡಪ್ಪ," ಎಂದು ಇನ್ನೊಂದು ತುತ್ತು ಮುರಿದ.